ಗೊತ್ತಿಲ್ಲದ ಪದ, ಗೊತ್ತಿರುವ ನೆರೆಹೊರೆ

(ಕಾರವಾರದಲ್ಲಿ ಓದುಗರ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗೊತ್ತಿಲ್ಲದ ಭಾಷೆಯ ಪದವೊಂದು ಎದುರಾದರೆ ನಾವು ಮೊದಲು ಏನು ಮಾಡುತ್ತೇವೆ? ಅದರ ಹಾಗೇ ಕೇಳಿಸುವ, ನಮಗೆ ಗೊತ್ತಿರುವ ಇನ್ನೊಂದು ಪದವನ್ನು ಹುಡುಕುತ್ತೇವೆ. ಸಿಕ್ಕಿತು ಅಂದರೆ ಖುಷಿ. ಇದೇ ಅರ್ಥ ಇರಬೇಕು ಅಂತ ಮುಂದೆ ಹೋಗಿಬಿಡುತ್ತೇವೆ. ಇವತ್ತು ನಾನು ಮಾತಾಡುವುದು ಈ ಅಭ್ಯಾಸದ ಬಗ್ಗೆಯೇ. ಪದದ ಸದ್ದು ಅರ್ಥ ಹೇಳುವುದು ಕಡಿಮೆ. ಅದು ಯಾವ ಪದಗಳ ಪಕ್ಕ ಕೂತಿದೆ, ಯಾವ ಕೆಲಸದ ನಡುವೆ ಬಂದಿದೆ, ಯಾರು ಯಾರಿಗೆ ಹೇಳಿದ್ದು, ಯಾವ ಕಾಲದ್ದು, ಇವು ಜಾಸ್ತಿ ಹೇಳುತ್ತವೆ. ಇವುಗಳಿಂದ ಒಂದು ಊಹೆ ಮಾಡಬೇಕು. ಆಮೇಲೆ ಆ ಊಹೆಯನ್ನು ಇನ್ನೊಂದು ಕಡೆ ಇಟ್ಟು ನೋಡಬೇಕು. ಅಲ್ಲೂ ಹೊಂದಿದರೆ ಇಟ್ಟುಕೊಳ್ಳೋಣ, ಹೊಂದದಿದ್ದರೆ ಬಿಡೋಣ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದು ಹೊಸ ಕೆಲಸವೇನಲ್ಲ. ಕಾರವಾರದ ಮೀನು ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಕೊಂಕಣಿ, ಕನ್ನಡ, ಮರಾಠಿ, ಹಿಂದಿ ನಾಲ್ಕೂ ಕಿವಿಗೆ ಬೀಳುತ್ತವೆ. ಭಟ್ಕಳಕ್ಕೆ ಹೋದರೆ ನವಾಯತಿ, ಘಟ್ಟ ಹತ್ತಿ ಶಿರಸಿಗೆ ಹೋದರೆ ಹವ್ಯಕ ಕನ್ನಡ, ಅಂಕೋಲೆ ಕಡೆ ಹಾಲಕ್ಕಿಗಳ ಕನ್ನಡ, ಮುಂಡಗೋಡದಲ್ಲಿ ಟಿಬೆಟಿಯನ್ನರ ಮಾತು. ನೌಕಾನೆಲೆ ಬಂದ ಮೇಲಂತೂ ದೇಶದ ಎಲ್ಲ ಮೂಲೆಯವರೂ ಇಲ್ಲಿದ್ದಾರೆ. ಇಲ್ಲಿ ಬೆಳೆಯುವ ಮಗು ದಿನಾ ಅರ್ಧಂಬರ್ಧ ಗೊತ್ತಿರುವ ಮಾತು ಕೇಳುತ್ತಲೇ ಇರುತ್ತದೆ. ಎದುರಿಗಿದ್ದವರ ಕೈ ನೋಡಿ, ಮುಖ ನೋಡಿ, ತೂಕದ ತಕ್ಕಡಿ ನೋಡಿ ಅರ್ಥ ಮಾಡಿಕೊಳ್ಳುತ್ತದೆ. ಆ ಕಲೆ ನಮ್ಮಲ್ಲಿ ಇದೆ. ಪುಸ್ತಕ, ಕಾಗದ, ಫೋನಿನ ಪರದೆ ಮುಂದೆ ಬಂದ ಕೂಡಲೇ ಅದನ್ನು ಮರೆತುಬಿಡುತ್ತೇವೆ, ಅಷ್ಟೇ.

ಬೈತಖೋಲ ಬಂದರಿನಲ್ಲಿ ನನಗೆ ಪರಿಚಯದ ಒಬ್ಬ ಮೆಕ್ಯಾನಿಕ್ ಇದ್ದಾರೆ. ಅವರು ರಿಪೇರಿ ಮಾಡುವ ಒಂದು ಬೋಟಿಗೆ ಚೀನಾದ ಎಂಜಿನ್ ಬಂತು. ಜೊತೆಗೆ ಬರಬೇಕಾದ ಪುಸ್ತಕ ಬಂದಿರಲಿಲ್ಲ. ಎಂಜಿನ್ನಿನ ಮೀಟರ್ ಬೋರ್ಡಿನಲ್ಲಿ ಸಾಲಾಗಿ ಮೂರು ಗುಂಡು ಮೀಟರುಗಳು. ಪ್ರತಿಯೊಂದರ ಮೇಲೂ ಎರಡೆರಡು ಚೀನಿ ಅಕ್ಷರ. ಅವರಿಗೆ ಚೀನಿ ಭಾಷೆಯ ಒಂದು ಗೆರೆಯೂ ಗೊತ್ತಿಲ್ಲ. ಆದರೂ ನಾನು ನೋಡಲು ಹೋಗುವಷ್ಟರಲ್ಲಿ ಅವರು ಮೂರನ್ನೂ ಓದಿಯಾಗಿತ್ತು. ಹೇಗೆ ಅಂತ ಕೇಳಿದೆ. ಬೆರಳಿಟ್ಟು ತೋರಿಸಿದರು.

ಮೊದಲ ಮೀಟರಿನ ಎರಡನೇ ಅಕ್ಷರ, ಎರಡನೇ ಮೀಟರಿನ ಎರಡನೇ ಅಕ್ಷರ, ಎರಡೂ ಒಂದೇ. ಆ ಎರಡು ಮೀಟರಿನಲ್ಲೂ ಡಿಗ್ರಿ ಸೆಲ್ಸಿಯಸ್ ಗುರುತು ಇದೆ. ಹಾಗಾದರೆ ಆ ಅಕ್ಷರ ಬಿಸಿಯನ್ನು ಹೇಳುತ್ತಿರಬೇಕು. ಇನ್ನು ಎರಡನೇ ಮೀಟರಿನ ಮೊದಲ ಅಕ್ಷರ, ಮೂರನೇ ಮೀಟರಿನ ಮೊದಲ ಅಕ್ಷರ, ಅವೂ ಒಂದೇ. ಮೂರನೆಯದರಲ್ಲಿ ಒತ್ತಡ ಅಳೆಯುವ ಮೆಗಾಪಾಸ್ಕಲ್ ಗುರುತು ಇದೆ. ಡೀಸೆಲ್ ಎಂಜಿನ್ನಿನಲ್ಲಿ ಬಿಸಿಯನ್ನೂ ನೋಡಬೇಕಾದ, ಒತ್ತಡವನ್ನೂ ನೋಡಬೇಕಾದ ವಸ್ತು ಯಾವುದು? ಆಯಿಲ್. ಬಿಸಿ ಮಾತ್ರ ನೋಡಿದರೆ ಸಾಕಾದದ್ದು? ನೀರು. ಅಲ್ಲಿಗೆ ಮೂರು ಮೀಟರಿನ ಹೆಸರೂ ಗೊತ್ತಾಯಿತು: ನೀರಿನ ಬಿಸಿ, ಆಯಿಲ್ ಬಿಸಿ, ಆಯಿಲ್ ಪ್ರೆಶರ್. ಚೀನಿಯಲ್ಲಿ ಇವನ್ನು ಶುಯ್‌ವೆನ್, ಯೋವೆನ್, ಯೋಯಾ ಅಂತ ಓದುತ್ತಾರೆ. ಅವರಿಗೆ ಆ ಉಚ್ಚಾರ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ನನಗೆ ತುಂಬಾ ಇಷ್ಟವಾದದ್ದು ಇದು. "ಮಾಸ್ತರ್ರೇ, ಬರೀ ಅಂದಾಜಿನ ಮೇಲೆ ಬೋಟು ಸಮುದ್ರಕ್ಕೆ ಬಿಡ್ಲಿಕ್ಕೆ ಆಗ್ತದಾ?" ಅಂದರು. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಚಾಲೂ ಮಾಡಿ ಸೂಜಿಗಳನ್ನು ನೋಡಿದ್ದರು. ಮೂರನೆಯದರ ಸೂಜಿ ಚಾಲೂ ಮಾಡಿದ ತಕ್ಷಣ ಮೇಲೆ ಹಾರಿತು. ಉಳಿದೆರಡು ನಿಧಾನಕ್ಕೆ ಏರಿದವು. ಒತ್ತಡ ಕೂಡಲೇ ಏರುತ್ತದೆ, ಬಿಸಿ ಏರಲು ಹೊತ್ತು ಬೇಕು. ಆಮೇಲೆ ಮೀಟರಿನ ಹಿಂದಿನ ತಂತಿ ಹಿಡಿದುಕೊಂಡು ಹೋಗಿ, ಒಂದು ನೀರಿನ ಪೈಪಿಗೂ ಇನ್ನೊಂದು ಆಯಿಲ್ ಇರುವ ಕಡೆಗೂ ಹೋಗಿದೆ ಅಂತ ಖಾತ್ರಿ ಮಾಡಿಕೊಂಡರು. ಕೊನೆಗೆ ಡೀಸೆಲ್ ಟ್ಯಾಂಕಿನ ಮುಚ್ಚಳ ನೋಡಿದರೆ ಅಲ್ಲೂ ಎರಡು ಅಕ್ಷರ. ಅದರಲ್ಲಿ ಎರಡನೆಯದು ಇವರು ಆಯಿಲ್ ಅಂತ ಗುರುತಿಸಿದ ಅದೇ ಅಕ್ಷರ. ಚೀನಿಯಲ್ಲಿ ಡೀಸೆಲ್ಲೂ ಒಂದು ಬಗೆಯ ಎಣ್ಣೆಯೇ, ಛಾಯ್‌ಯೋ ಅನ್ನುತ್ತಾರೆ. ಅಂದರೆ ಅವರ ಊಹೆಗೆ ಬೇರೆ ಜಾಗದಲ್ಲಿ, ಬೇರೆ ಕೆಲಸದ ಮೇಲೆ ಇನ್ನೊಂದು ಸಾಕ್ಷಿ ಸಿಕ್ಕಿತು.

ಹಳೆಯ ಲಿಪಿಗಳನ್ನು ಬಿಡಿಸಿದ ದೊಡ್ಡ ವಿದ್ವಾಂಸರು ಮಾಡಿದ್ದೂ ಮೂಲದಲ್ಲಿ ಇದನ್ನೇ. ಒಂದೇ ಗುರುತು ಎಲ್ಲೆಲ್ಲಿ ಮತ್ತೆ ಬರುತ್ತದೆ ನೋಡುವುದು. ಪಕ್ಕದಲ್ಲಿ ಗೊತ್ತಿರುವುದು ಏನಿದೆ ನೋಡುವುದು. ಊಹಿಸುವುದು. ಬೇರೆ ಕಡೆ ಪರೀಕ್ಷೆ ಮಾಡುವುದು. ಆ ಮೆಕ್ಯಾನಿಕ್‌ಗೆ ಇದನ್ನು ಹೇಳಿದೆ. ನಂಬಲಿಲ್ಲ. ಆದರೆ ನಿಜ.

ಈಗ ಸದ್ದಿನ ವಿಷಯಕ್ಕೆ ಬರೋಣ. ನಾನು ಈಗ ಮಾಡುತ್ತಿರುವುದು ಉಪನ್ಯಾಸ. ಹಿಂದಿಯವರಿಗೆ ಅಥವಾ ಬಂಗಾಳಿಯವರಿಗೆ ಉಪನ್ಯಾಸ ಅಂದರೆ ಕಾದಂಬರಿ. ನಮ್ಮಲ್ಲಿ ಶಿಕ್ಷೆ ಅಂದರೆ ದಂಡನೆ, ಮರಾಠಿಯಲ್ಲೂ ಹಾಗೇ. ಹಿಂದಿಯಲ್ಲಿ ಶಿಕ್ಷಾ ಅಂದರೆ ವಿದ್ಯೆ. ನಮಗೆ ಅವಸರ ಅಂದರೆ ಗಡಿಬಿಡಿ, ಅವರಿಗೆ ಅವಕಾಶ. ಒಂದೇ ಮೂಲದಿಂದ ಬಂದ ಪದಗಳೇ ಹೀಗೆ ಬೇರೆ ಬೇರೆ ಕಡೆ ಹೋಗಿ ನಿಂತಿವೆ. ಇನ್ನು ಮೂಲವೇ ಬೇರೆಯಾದವುಗಳ ಕತೆ ಕೇಳಿ. ಪೋರ್ಚುಗಲ್ಲಿನಲ್ಲಿ ಅಂಗಡಿ ಬಾಗಿಲ ಮೇಲೆ ಬರೆದಿರುವ ಒಂದು ಪದವನ್ನು ಪುಶ್ ಅಂತಲೇ ಕೇಳಿಸುವ ಹಾಗೆ ಓದುತ್ತಾರೆ. ಇಂಗ್ಲಿಷ್ ಗೊತ್ತಿದ್ದವರು ತಳ್ಳುತ್ತಾರೆ. ಬಾಗಿಲು ಅಲ್ಲಾಡುವುದಿಲ್ಲ. ಅವರ ಭಾಷೆಯಲ್ಲಿ ಅದರ ಅರ್ಥ ಎಳೆಯಿರಿ ಅಂತ!

ಹಾಗಂತ ಸದ್ದನ್ನು ಪೂರ್ತಿ ಬಿಟ್ಟುಬಿಡಬೇಕಾ? ಬೇಡ. ಸದ್ದು ಒಂದು ಊರಿಂದ ಇನ್ನೊಂದು ಊರಿಗೆ ಬರುವಾಗ ಕೆಲವು ಕ್ರಮಗಳನ್ನು ಪಾಲಿಸುತ್ತದೆ. ಆ ಕ್ರಮ ಗೊತ್ತಿದ್ದರೆ ಸದ್ದೂ ಸಹಾಯಕ್ಕೆ ಬರುತ್ತದೆ. ಹರಾಜು, ಏಲಂ, ಲಿಲಾವು. ಮೂರೂ ಒಂದೇ ಕೆಲಸದ ಹೆಸರು. ಪೇಪರಿನಲ್ಲಿ ಹರಾಜು ಅಂತ ಬರುತ್ತದೆ, ಈ ಕಡೆಯ ಹಳಬರು ಲಿಲಾವು ಅನ್ನುತ್ತಾರೆ. ಲಿಲಾವು ಅಂದ ಕೂಡಲೇ ನಮಗೆ ಲೀಲೆ ನೆನಪಾಗುತ್ತದೆ. ಲೀಲೆಗೂ ಇದಕ್ಕೂ ಏನೂ ಸಂಬಂಧವಿಲ್ಲ. ಇದು ಪೋರ್ಚುಗೀಸರ ಲೈಲಾಂವ್. ಕೊನೆಯ ಆಂವ್ ಅನ್ನು ಅವರು ಮೂಗಿನಿಂದ ಹೇಳುತ್ತಾರೆ. ನಮ್ಮ ಬಾಯಲ್ಲಿ ಅದು ಆವ್ ಆಗುತ್ತದೆ. ಖಾತ್ರಿ ಹೇಗೆ? ಇನ್ನೊಂದು ಪದ ನೋಡಿ. ಅವರು ಬ್ರೆಡ್ಡಿಗೆ ಪಾಂವ್ ಅನ್ನುತ್ತಾರೆ. ಅದೇ ನಮ್ಮ ಪಾವ್. ಭಾಜಿಯ ಜೊತೆ ತಿನ್ನುವ ಪಾವ್ ಮತ್ತು ಮೀನಿನ ಲಿಲಾವು ಒಂದೇ ಕ್ರಮದಲ್ಲಿ ಬಂದಿವೆ.

ಇನ್ನು ಏಲಂ. ಕೇಳಲು ಲಿಲಾವಿಗೂ ಅದಕ್ಕೂ ಹೋಲಿಕೆಯೇ ಇಲ್ಲ ಅಲ್ವಾ? ಆದರೆ ಇವೆರಡೂ ಅಣ್ಣತಮ್ಮಂದಿರು. ಮಲಯಾಳದಲ್ಲಿ ಅದು ಲೇಲಂ. ತಮಿಳಿನಲ್ಲಿ ಹಿಂದೆ ಪದದ ಮೊದಲಿಗೆ ಲಕಾರ ಬರುತ್ತಿರಲಿಲ್ಲ, ಹಾಗಾಗಿ ಲಕಾರ ಬಿದ್ದು ಏಲಂ ಆಯಿತು. ಪೋರ್ಚುಗೀಸರಿಗೂ ಇದು ಸ್ವಂತದ ಪದವಲ್ಲ, ಸಾರಿ ಹೇಳುವುದು ಎಂಬ ಅರ್ಥದ ಅರಬ್ಬಿ ಪದದಿಂದ ಅವರಿಗೆ ಬಂದದ್ದು ಅನ್ನುತ್ತಾರೆ. ಹರಾಜು ಕೂಡ ಅರಬ್ಬಿಯದೇ. ಹೀಗೆ ಹತ್ತಿರದ್ದು ಅನಿಸಿದ ಲೀಲೆ ನೆಂಟನಲ್ಲ, ದೂರದ್ದು ಅನಿಸಿದ ಏಲಂ ರಕ್ತಸಂಬಂಧಿ. ಕಿವಿಯನ್ನು ಮಾತ್ರ ನಂಬಿದ್ದರೆ ಎರಡೂ ಕಡೆ ತಪ್ಪುತ್ತಿದ್ದೆವು.

ಈ ಪದಗಳನ್ನೆಲ್ಲ ಒಟ್ಟುಮಾಡಿದ ಒಬ್ಬರನ್ನು ನೆನೆಯಲೇಬೇಕು. ಸೆಬಾಸ್ಟಿಯಾಂವ್ ರೊಡಾಲ್ಫೊ ದಾಲ್ಗಾದೊ, ಗೋವೆಯ ಪಾದ್ರಿ. ಏಷ್ಯಾದ ಭಾಷೆಗಳಿಗೆ ಹೋದ ಪೋರ್ಚುಗೀಸ್ ಪದಗಳ ದೊಡ್ಡ ಸಂಗ್ರಹವನ್ನು 1913ರಲ್ಲಿ ತಂದರು. ಏಷ್ಯಾದಿಂದ ಪೋರ್ಚುಗೀಸಿಗೆ ಹೋದ ಪದಗಳನ್ನು 1919 ಮತ್ತು 1921ರಲ್ಲಿ ಎರಡು ಸಂಪುಟಗಳಲ್ಲಿ ತಂದರು. ನಮ್ಮ ಚಾವಿ, ಬಟಾಟೆ, ಪಾದ್ರಿ, ಮೇಸ್ತ್ರಿ ಎಲ್ಲ ಆ ದಾರಿಯಲ್ಲಿ ಬಂದವು. ಈ ಕರಾವಳಿಯವರು ಅವರ ಹೆಸರನ್ನು ಇನ್ನೂ ಚೆನ್ನಾಗಿ ತಿಳಿದುಕೊಳ್ಳಬೇಕು ಅಂತ ನನ್ನ ಆಸೆ.

ಬಟಾಟೆ ಅಂದೆನಲ್ಲ, ಅದರಲ್ಲಿ ಇನ್ನೊಂದು ವಿಷಯ ಇದೆ. ಪದ ಹುಟ್ಟಿದ್ದು ಕೆರಿಬಿಯನ್ ದ್ವೀಪಗಳ ಜನರಲ್ಲಿ. ಅವರು ಬಟಾಟಾ ಅನ್ನುತ್ತಿದ್ದದ್ದು ಗೆಣಸಿಗೆ. ಪಯಣ ಮಾಡುತ್ತಾ ಮಾಡುತ್ತಾ ಅದು ಬೇರೆ ಗಡ್ಡೆಯ ಹೆಸರಾಯಿತು. ಹಾಗಾಗಿ ಪದದ ಮೂಲ ಸಿಕ್ಕಿತು ಅಂದಮಾತ್ರಕ್ಕೆ ಅರ್ಥ ಸಿಕ್ಕಿತು ಅಂತ ಅಲ್ಲ. ಆ ಕಾಗದ ಬರೆದ ದಿನ, ಆ ಮನುಷ್ಯ, ಯಾವ ವಸ್ತುವನ್ನು ಹಾಗೆ ಕರೆಯುತ್ತಿದ್ದ? ಅದು ಬೇಕು.

ಇದಕ್ಕೆ ನಮ್ಮ ಮನೆ ಬಾಗಿಲಿನ ಉದಾಹರಣೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ರೈನ್ಯಾ ದ ಪಿಮೆಂತಾ ಅಂತ ಕರೆದರು. ರೈನ್ಯಾ ಅಂದರೆ ರಾಣಿ. ಪಿಮೆಂತಾ? ಇವತ್ತು ಬ್ರೆಜಿಲಿನ ಪೇಟೆಯಲ್ಲಿ ಆ ಪದ ಕೇಳಿದರೆ ಹಸಿಮೆಣಸಿನಕಾಯಿ ಕೊಟ್ಟರೂ ಕೊಟ್ಟಾರು. ಮೆಣಸಿನಕಾಯಿ ಅಮೆರಿಕದಿಂದ ಬಂದ ಬೆಳೆ. ಅದರ ಖಾರ ನೋಡಿ ಪೋರ್ಚುಗೀಸರು ಹಳೆಯ ಪದವನ್ನೇ ಅದಕ್ಕೂ ಕೊಟ್ಟರು. ನಾವೂ ಅದನ್ನೇ ಮಾಡಿದೆವು, ಮೆಣಸಿನ ಹೆಸರಿಗೆ ಕಾಯಿ ಸೇರಿಸಿದೆವು. ಹಾಗಾದರೆ ರಾಣಿ ಯಾವುದರ ರಾಣಿ? ಕಾಲ ನೋಡಿ, 16ನೇ ಶತಮಾನ. ಜಾಗ ನೋಡಿ, ಶರಾವತಿ ಕಣಿವೆ, ಘಟ್ಟದಿಂದ ಮೆಣಸು ಇಳಿದು ಹಡಗು ಹತ್ತುವ ದಾರಿ. ಕೊಳ್ಳುವವರನ್ನು ನೋಡಿ, ಕಾಳುಮೆಣಸಿಗಾಗಿಯೇ ಸಮುದ್ರ ದಾಟಿ ಬಂದವರು. ಮೂರೂ ಒಂದೇ ಉತ್ತರ ಕೊಡುತ್ತವೆ. ಅವಳು ಕಾಳುಮೆಣಸಿನ ರಾಣಿ.

ಊರ ಹೆಸರುಗಳಲ್ಲೂ ಹೀಗೇ. ಹಳೆಯ ಪೋರ್ಚುಗೀಸ್ ಬರಹಗಳಲ್ಲಿ ಒನೋರ್ ಅಂತ ಬರುತ್ತದೆ. ಅವರ ಭಾಷೆಯಲ್ಲಿ ಹಕಾರ ಬರೆದರೂ ಉಚ್ಚರಿಸುವುದಿಲ್ಲ. ಹಕಾರ ಸೇರಿಸಿ ಓದಿ, ಹೊನ್ನಾವರ. ಬಟೆಕಲಾ ಅಂದರೆ ಭಟ್ಕಳ, ಇದು ಸುಲಭ. ಸಿಂಟಾಕೋರಾ ಅಂತ ಒಂದು ಊರು ಬರುತ್ತದೆ, ಅದು ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಕಾಳಿ ನದಿ ಸಮುದ್ರ ಸೇರುವಲ್ಲಿ ಇದೆ ಅಂತ ಗೊತ್ತಾದ ಮೇಲೆ ನಮ್ಮ ಚಿತ್ತಾಕುಲ ತಾನಾಗಿ ಎದ್ದು ನಿಲ್ಲುತ್ತದೆ. ಅವರಿಗಿಂತ ಮೊದಲು, 14ನೇ ಶತಮಾನದಲ್ಲಿ, ಇಬ್ನ್ ಬತೂತಾ ಇಲ್ಲಿಗೆ ಬಂದಿದ್ದ. ಅವನು ಬರೆದದ್ದು ಹಿನೌರ್. ಅರಬ್ಬಿ ಲಿಪಿಯಲ್ಲಿ ನಮ್ಮ ಒಕಾರಕ್ಕೆ ಸರಿಯಾದ ಗುರುತಿಲ್ಲ. ಅವನ ಹಿನೌರ್‌ಗಿಂತ ಮೊದಲು ಸಂದಾಬೂರ್, ಅಂದರೆ ಗೋವೆ. ಆಮೇಲೆ ಮಲಬಾರ್. ನಡುವೆ ಒಂದು ಅಳಿವೆಯ ಬಂದರು, ಅದೇ ಹೊನ್ನಾವರ. ಆ ಊರಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆ ಅಂತಲೂ ಬರೆದಿದ್ದಾನೆ. ಹೊನ್ನಾವರದವರು ಯಾರಾದರೂ ಇಲ್ಲಿದ್ದರೆ ಇದನ್ನು ಮನೆಗೆ ಹೋಗಿ ಹೇಳಿ.

ಈಗ ಎಲ್ಲಕ್ಕಿಂತ ದೊಡ್ಡ ಕತೆಗೆ ಬರುತ್ತೇನೆ. ಇದರಲ್ಲಿ ನಮ್ಮ ಕನ್ನಡವೇ ಪರಕೀಯ ಭಾಷೆ.

ಈಜಿಪ್ಟಿನಲ್ಲಿ ಆಕ್ಸಿರಿಂಕಸ್ ಅಂತ ಒಂದು ಹಳೆಯ ಪಟ್ಟಣದ ಕಸದ ದಿಬ್ಬಗಳಿವೆ. ಒಣ ಮರಳಿನಲ್ಲಿ ಜೊಂಡಿನಿಂದ ಮಾಡಿದ ಸಾವಿರಾರು ಪಪೈರಸ್ ಹಾಳೆಗಳು ಉಳಿದುಕೊಂಡಿದ್ದವು. ಅವುಗಳಲ್ಲಿ ಒಂದು, 413ನೇ ಸಂಖ್ಯೆಯದು, 1903ರಲ್ಲಿ ಅಚ್ಚಾಯಿತು. ಬರಹ ಸುಮಾರು 2ನೇ ಶತಮಾನದ್ದು. ಅದೊಂದು ಗ್ರೀಕ್ ಪ್ರಹಸನ. ಖಾರಿಟಿಯನ್ ಎಂಬ ಗ್ರೀಕ್ ಹುಡುಗಿ ಹಿಂದೂ ಮಹಾಸಾಗರದ ಕರಾವಳಿಯ ಒಬ್ಬ ರಾಜನ ಕೈಯಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬರುತ್ತಾನೆ. ರಾಜನಿಗೂ ಅವನ ಜನಕ್ಕೂ ಚೆನ್ನಾಗಿ ಹೆಂಡ ಕುಡಿಸಿ ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾರೆ. ಗ್ರೀಕರು ಗ್ರೀಕ್ ಮಾತಾಡುತ್ತಾರೆ. ರಾಜ ಮತ್ತು ಅವನ ಜನ ಬೇರೇನೋ ಮಾತಾಡುತ್ತಾರೆ. ಅದೂ ಗ್ರೀಕ್ ಅಕ್ಷರದಲ್ಲೇ ಬರೆದಿದೆ. ಅದು ಯಾವ ಭಾಷೆ ಅಂತ ಯಾರಿಗೂ ಗೊತ್ತಾಗಲಿಲ್ಲ.

1904ರಲ್ಲಿ ಜರ್ಮನಿಯ ಹುಲ್ಟ್ಸ್ ಒಂದು ಮಾತು ಹೇಳಿದರು: ಇದು ಕನ್ನಡ. ಹುಲ್ಟ್ಸ್ ಸಾಮಾನ್ಯರಲ್ಲ, ದಕ್ಷಿಣ ಭಾರತದ ಶಾಸನಗಳನ್ನು ಓದಿ ನುರಿತವರು. ಗ್ರೀಕ್ ಅಕ್ಷರದಲ್ಲಿ ಇರುವುದು ಹೆಚ್ಚುಕಡಿಮೆ ಹೀಗೆ: ಬೇರೆ ಕೊಂಜೆಯ್ ದಮುನ್ ಪೆತ್ರೆಕಿಯೋ ಪಕ್ತೇಯ್. ಅವರು ಇದನ್ನು "ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ" ಅಂತ ಓದಿದರು. ಕೇಳಿದ ಕೂಡಲೇ ಮೈ ಜುಂ ಅನ್ನುತ್ತದೆ. ನನಗೂ ಹಾಗೇ ಆಗಿತ್ತು, ಈಗಲೂ ಆಗುತ್ತದೆ. ನಮ್ಮಲ್ಲಿ ಸಿಕ್ಕ ಹಳೆಯ ಕನ್ನಡ ಶಾಸನಗಳಲ್ಲಿ ಹೆಸರಾದ ಹಲ್ಮಿಡಿ ಶಾಸನವೇ ಸುಮಾರು 450ರದ್ದು. ಅದಕ್ಕೂ ಮುನ್ನೂರು ವರ್ಷ ಹಿಂದೆ ನೈಲ್ ನದಿಯ ದಂಡೆಯಲ್ಲಿ ಯಾರೋ ನಮ್ಮ ಮಾತು ಆಡಿದರು ಅಂದರೆ!

ಆದರೆ ಇಷ್ಟ ಬೇರೆ, ನಿಜ ಬೇರೆ. ಆ ಮೆಕ್ಯಾನಿಕ್ ಮಾಡಿದ ಹಾಗೆ ಊಹೆಯನ್ನು ತೂಗಿ ನೋಡೋಣ. ಅದರ ಪರವಾಗಿ ಏನಿದೆ? ಸಂದರ್ಭ ಇದೆ. ಆ ದೃಶ್ಯದಲ್ಲಿ ಹೆಂಡ ಬಡಿಸುತ್ತಿದ್ದಾರೆ, ಅರ್ಥವೂ ಹೆಂಡ ಬಡಿಸುವುದೇ. ಹಡಗಿನ ದಾರಿ ಇದೆ, ಆ ಕಾಲದಲ್ಲಿ ಈಜಿಪ್ಟಿನಿಂದ ನಮ್ಮ ಪಶ್ಚಿಮ ಕರಾವಳಿಗೆ ವ್ಯಾಪಾರ ಜೋರಾಗಿತ್ತು. ಹಾಕಿ ಎಂದು ಓದಿದ ಕಡೆ ಗ್ರೀಕಿನಲ್ಲಿ ಪಕಾರ ಇದೆ. ನಮ್ಮ ಹಾಲು ಹಿಂದೆ ಪಾಲ್ ಆಗಿತ್ತು, ಹೂವು ಪೂ ಆಗಿತ್ತು. ಹಾಗೆ ಹಾಕು ಕೂಡ ಪಾಕು. ಇದು ಕ್ರಮಕ್ಕೆ ಹೊಂದುತ್ತದೆ.

ವಿರುದ್ಧವಾಗಿ ಏನಿದೆ? ಮಧು ಎಂದು ಓದಿದ ಕಡೆ ಇರುವುದು ದಮುನ್. ಮಧು ಬೇಕಾದರೆ ಅಕ್ಷರ ತಿರುಗಿಸಬೇಕು. ಕೊಂಜೆಯ್ ಅನ್ನು ಕೊಂಚ ಮಾಡಬೇಕು, ಪೆತ್ರೆಕಿಯೋ ಅನ್ನು ಪಾತ್ರಕ್ಕೆ ಮಾಡಬೇಕು. ಒಂದೊಂದೂ ಸಣ್ಣ ಬದಲಾವಣೆಯೇ. ಆದರೆ ಒಂದೇ ಸಾಲಿನಲ್ಲಿ ಇಷ್ಟು ಬದಲಾವಣೆಗೆ ಒಪ್ಪಿದರೆ ಬೇರೆ ಭಾಷೆಯವರೂ ತಮ್ಮ ಪದಗಳನ್ನು ಅಲ್ಲಿ ಕಾಣಬಹುದು. ಕಂಡಿದ್ದಾರೆ ಕೂಡ. ಅದು ತುಳು ಅಂತ ವಾದಿಸಿದವರಿದ್ದಾರೆ. ಇನ್ನೊಂದು ತೊಡಕು ಇದೆ. 2ನೇ ಶತಮಾನದ ಕನ್ನಡ ಹೇಗಿತ್ತು ಅಂತ ಹೋಲಿಸಿ ನೋಡಲು ನಮ್ಮ ಹತ್ತಿರ ಆ ಕಾಲದ ಒಂದು ಪೂರ್ತಿ ವಾಕ್ಯವಿಲ್ಲ. ಮೆಕ್ಯಾನಿಕ್‌ಗೆ ಡೀಸೆಲ್ ಟ್ಯಾಂಕಿನ ಮುಚ್ಚಳ ಇತ್ತು. ನಮಗೆ ಆ ಮುಚ್ಚಳ ಇಲ್ಲ.

ನಮ್ಮ ವಿದ್ವಾಂಸರಾದ ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಇದನ್ನು ಕನ್ನಡವೆಂದೇ ಎತ್ತಿ ಹಿಡಿದರು. ಪ್ರಹಸನದ ಒಂದು ಪದದಲ್ಲಿ ಮಲ್ಪೆಯ ಹೆಸರನ್ನು ಕಂಡವರೂ ಇದ್ದಾರೆ. ಲಂಡನ್ನಿನ ವಿದ್ವಾಂಸ ಬಾರ್ನೆಟ್ 1926ರಲ್ಲಿ ಒಪ್ಪುವುದಿಲ್ಲ ಅಂತ ಲೇಖನ ಬರೆದರು. ಇಷ್ಟೇ ಅಲ್ಲ, ಅದು ಯಾವ ಭಾಷೆಯೂ ಅಲ್ಲದಿರಬಹುದು, ನಗಿಸುವುದಕ್ಕೆ ನಾಟಕದವನು ಸುಮ್ನೆ ಕಟ್ಟಿದ ಸದ್ದುಗಳಿರಬಹುದು ಎಂಬ ಮಾತೂ ಇದೆ. ಯಕ್ಷಗಾನದಲ್ಲಿ ಹಾಸ್ಯಗಾರ ಬೇರೆ ದೇಶದವನ ಪಾತ್ರ ಮಾಡುವಾಗ ಆಡುವ ಮಾತನ್ನು ನೆನಪು ಮಾಡಿಕೊಳ್ಳಿ. ಅದರಲ್ಲಿ ಒಂದೆರಡು ನಿಜವಾದ ಪದ ಇರುತ್ತವೆ, ಉಳಿದದ್ದು ಬರೀ ಧಾಟಿ.

ನನ್ನ ಅಭಿಪ್ರಾಯ ಕೇಳಿದರೆ, ಆ ಹಾಳೆಯಲ್ಲಿ ನಮ್ಮ ಕರಾವಳಿಯ ಕೆಲವು ಪದಗಳು ಕಿವಿಯಿಂದ ಕಿವಿಗೆ ದಾಟಿ ಸೇರಿರುವುದು ಸಾಧ್ಯ. ಹಡಗಿನವರ ಬಾಯಿಂದ ಬಂದಿರಬಹುದು. ಆದರೆ ಇಡೀ ಸಾಲುಗಳನ್ನು ಕನ್ನಡ ಅಂತ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವುದು ಸರಿಯಲ್ಲ. ಅದು ಊಹೆ ಅಂತಲೇ ಹೇಳಿ ಕಲಿಸಬೇಕು. ಊಹೆ ಅಂದರೆ ಅವಮಾನವಲ್ಲ. ಹುಲ್ಟ್ಸ್ ಊಹಿಸದೇ ಹೋಗಿದ್ದರೆ ನಾವು ಆ ಹಾಳೆಯ ಕಡೆ ನೋಡುತ್ತಲೂ ಇರಲಿಲ್ಲ.

ಸತ್ತ ಭಾಷೆಯ ಮುಂದೆ ನಾವು ಇಷ್ಟು ಒದ್ದಾಡುತ್ತೇವೆ, ಯಾಕೆಂದರೆ ಕೇಳಲು ಜನ ಇಲ್ಲ. ಜನ ಇದ್ದಾಗ ಕೇಳುವುದೇ ಒಳ್ಳೆಯದು. ಆದರೆ ಕೇಳುವುದಕ್ಕೂ ಕ್ರಮ ಬೇಕು. 1770ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗು ಆಸ್ಟ್ರೇಲಿಯಾದ ಈಶಾನ್ಯ ಕರಾವಳಿಯಲ್ಲಿ ರಿಪೇರಿಗೆ ನಿಂತಾಗ ಅಲ್ಲಿಯವರಿಂದ ಕಾಂಗರೂ ಎಂಬ ಪದ ಬರೆದುಕೊಂಡರು. 1820ರಲ್ಲಿ ಫಿಲಿಪ್ ಪಾರ್ಕರ್ ಕಿಂಗ್ ಅದೇ ಜಾಗಕ್ಕೆ ಹೋಗಿ ಕೇಳಿದರೆ ಬೇರೆಯೇ ಪದ ಸಿಕ್ಕಿತು. ಹಾಗಾಗಿ ಕುಕ್ಕನಿಗೆ ಆ ಜನ "ಗೊತ್ತಿಲ್ಲ" ಅಂದಿದ್ದರು, ಅವನು ಅದನ್ನೇ ಪ್ರಾಣಿಯ ಹೆಸರು ಅಂತ ಬರೆದುಕೊಂಡ ಎಂಬ ಕತೆ ಹುಟ್ಟಿತು. ಈಗಲೂ ಫೋನಿನಲ್ಲಿ ಓಡಾಡುತ್ತಿದೆ. ಅದು ಸುಳ್ಳು. 1970ರ ದಶಕದಲ್ಲಿ ಜಾನ್ ಹ್ಯಾವಿಲ್ಯಾಂಡ್ ಎಂಬ ಭಾಷಾತಜ್ಞ ಆ ಜನರ ಜೊತೆ ಇದ್ದು ಅವರ ಗೂಗು ಯಿಮಿದಿರ್ ಭಾಷೆ ಕಲಿತರು. ಅದರಲ್ಲಿ ಗಂಗುರು ಅಂದರೆ ಒಂದು ಜಾತಿಯ ದೊಡ್ಡ ಕಾಂಗರೂ. ಕಿಂಗ್‌ಗೆ ಸಿಕ್ಕ ಪದಕ್ಕೆ ತಿನ್ನಬಹುದಾದ ಪ್ರಾಣಿ ಎಂಬ ಅರ್ಥ. ಇಬ್ಬರಿಗೂ ಸಿಕ್ಕ ಉತ್ತರ ಸರಿಯೇ. ಬೆರಳು ತೋರಿಸಿ "ಇದೇನು" ಅಂದರೆ ಎದುರಿನವರಿಗೆ ಬೆರಳು ಯಾವುದನ್ನು ತೋರಿಸುತ್ತಿದೆ ಅಂತ ಗೊತ್ತಾಗಬೇಕಲ್ಲ?

1788ರಲ್ಲಿ ಇಂಗ್ಲಿಷರು ಸಿಡ್ನಿಯಲ್ಲಿ ಇಳಿದು, ಅಲ್ಲಿಯವರ ಎದುರು ಕಾಂಗರೂ ಕಾಂಗರೂ ಅಂದರು. ಸಿಡ್ನಿಯವರ ಭಾಷೆ ಬೇರೆ. ಅವರು ಅದು ಬಂದವರ ಭಾಷೆಯ ಪದ, ಪ್ರಾಣಿಗಳಿಗೆಲ್ಲ ಹಾಗೆ ಅನ್ನುತ್ತಾರೆ ಅಂತ ಊಹಿಸಿದರು. ಹಡಗಿನಿಂದ ಇಳಿದ ದನ, ಕುರಿ ತೋರಿಸಿ "ಕಾಂಗರೂ?" ಅಂತ ಕೇಳಿದರು. ಎರಡೂ ಕಡೆಯವರು ಎದುರಿನವರ ಪದ ಅಂತಲೇ ತಿಳಿದು ಆಡಿದರು!

ಹಾಗಾಗಿ ಕೇಳುವಾಗ "ಇದರ ಅರ್ಥ ಏನು" ಅನ್ನುವುದಕ್ಕಿಂತ "ಯಾವಾಗ ಹೀಗೆ ಹೇಳುತ್ತೀರಿ" ಅಂತ ಕೇಳಿ. ಪಕ್ಕದಲ್ಲಿರುವ ಇನ್ನೊಂದು ವಸ್ತು ತೋರಿಸಿ "ಇದಕ್ಕೂ ಹಾಗೇ ಅನ್ನುತ್ತೀರಾ" ಅಂತ ಕೇಳಿ. ಅಲ್ಲ ಅಂದರೆ ಅದು ಹೌದು ಅನ್ನುವುದಕ್ಕಿಂತ ಜಾಸ್ತಿ ಕಲಿಸುತ್ತದೆ. ಪದದ ಎಲ್ಲೆ ಎಲ್ಲಿ ಮುಗಿಯುತ್ತದೆ ಅಂತ ತೋರಿಸುತ್ತದೆ.

ಊಹೆ ಮಾಡಲೇಬಾರದ ಜಾಗವೂ ಒಂದಿದೆ. ಆಸ್ಪತ್ರೆಯ ಕಾಗದ. ಅದರಲ್ಲಿ ಒಡೆದು ಓದಬಹುದಾದ ಪದಗಳು ಇವೆ, ನಿಜ. ಗ್ಯಾಸ್ಟ್ರೈಟಿಸ್, ಆರ್ಥ್ರೈಟಿಸ್, ಟಾನ್ಸಿಲೈಟಿಸ್, ಎಲ್ಲದರ ಬಾಲದಲ್ಲೂ ಐಟಿಸ್. ಅದು ಉರಿಯೂತವನ್ನು ಹೇಳುವ ಗ್ರೀಕ್ ಬಾಲ. ಮುಂದಿನ ತುಂಡು ದೇಹದ ಯಾವ ಜಾಗ ಅಂತ ಹೇಳುತ್ತದೆ. ಆದರೆ ಹೈಪರ್ ಮತ್ತು ಹೈಪೋ ನೋಡಿ. ಹೈಪರ್ ಅಂದರೆ ಹೆಚ್ಚು, ಹೈಪೋ ಅಂದರೆ ಕಡಿಮೆ. ಬಿಪಿ ಜಾಸ್ತಿಯಾದವರಿಗೂ ಕಡಿಮೆಯಾದವರಿಗೂ ನಡುವೆ ಒಂದೆರಡು ಅಕ್ಷರದ ಅಂತರ, ಕೊಡುವ ಔಷಧಿ ಪೂರ್ತಿ ಉಲ್ಟಾ. ಸ್ಕ್ಯಾನ್ ರಿಪೋರ್ಟಿನಲ್ಲಿ ಅನ್‌ರಿಮಾರ್ಕೆಬಲ್ ಅಂತ ಬರೆದಿರುತ್ತಾರೆ. ಅದನ್ನು ನೋಡಿ ಅತ್ತವರನ್ನು ನಾನು ಕಂಡಿದ್ದೇನೆ, ಏನೋ ಗುಣವಾಗದ ಕಾಯಿಲೆ ಅಂತ ತಿಳಿದು. ಅಲ್ಲಿ ಅದರ ಅರ್ಥ, ಹೇಳುವಂಥ ತೊಂದರೆ ಏನೂ ಕಾಣಲಿಲ್ಲ ಅಂತ. ನೆಗೆಟಿವ್ ಅಂದರೂ ಎಷ್ಟೋ ಸಲ ಒಳ್ಳೆಯ ಸುದ್ದಿಯೇ, ಹುಡುಕಿದ ರೋಗ ಸಿಗಲಿಲ್ಲ ಅಂತ. ಹೀಗೇ ಇರುತ್ತದೆ ಅಂತ ನಾನು ಹೇಳಿದ್ದನ್ನೂ ನಂಬಿಕೊಂಡು ಕೂರಬೇಡಿ. ಬರೆದ ಡಾಕ್ಟರನ್ನೇ ಕೇಳಿ. "ಡಾಕ್ಟ್ರೇ, ಈ ಪದ ಅಂದರೇನು, ಮುಂದೆ ನಾನೇನು ಮಾಡಬೇಕು" ಅಂತ ಎರಡನ್ನೂ ಕೇಳಿ. ನಾಚಿಕೆ ಬೇಡ. ದೇಹ ನಿಮ್ಮದು.

ಫೋನಿನ ಅನುವಾದದ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ಬಳಸಿ, ಖಂಡಿತ ಬಳಸಿ. ಆದರೆ ಒಂಟಿ ಪದ ಹಾಕಬೇಡಿ. ಪೋರ್ಚುಗೀಸಿನ ಮಾಂಗಾ ಪದ ಹಾಕಿದರೆ ಮಾವಿನಹಣ್ಣು ಅಂತ ಬರಬಹುದು. ಅದು ಸರಿ, ಆ ಪದ ಅವರಿಗೆ ನಮ್ಮ ದಕ್ಷಿಣದ ಭಾಷೆಗಳಿಂದಲೇ ಹೋದದ್ದು. ಆದರೆ ನೀವು ಹಿಡಿದಿರುವುದು ದರ್ಜಿಯ ಲೆಕ್ಕದ ಕಾಗದವಾದರೆ? ಅದೇ ಪದಕ್ಕೆ ಅಂಗಿಯ ತೋಳು ಅಂತಲೂ ಅರ್ಥ ಇದೆ. ಇಡೀ ವಾಕ್ಯ ಕೊಟ್ಟರೆ ಯಂತ್ರಕ್ಕೂ ಅಕ್ಕಪಕ್ಕದ ಪದಗಳು ಸಿಗುತ್ತವೆ. ನಿಘಂಟು ತೆರೆದಾಗಲೂ ಮೊದಲ ಅರ್ಥಕ್ಕೇ ಪುಸ್ತಕ ಮುಚ್ಚಬೇಡಿ. ಕಿಟೆಲ್ 1894ರಲ್ಲಿ ತಂದ ಕನ್ನಡ ನಿಘಂಟನ್ನು ತೆರೆದು ನೋಡಿ. ಒಂದೊಂದು ಪದಕ್ಕೆ ಎಷ್ಟು ಅರ್ಥ, ಎಷ್ಟು ಬಳಕೆ ಒಟ್ಟುಮಾಡಿದ್ದಾರೆ!

ಕೊನೆಗೆ ಸದಾಶಿವಗಡದಿಂದ ಬಂದ ತಾಯಿಯೊಬ್ಬರು ಕೇಳಿದ ಪ್ರಶ್ನೆ. ಅವರ ಮನೆಯ ಅಟ್ಟದಲ್ಲಿ ಹಳೆಯ ಕಾಗದದ ಕಟ್ಟು ಇದೆ. ಅದರಲ್ಲಿ ಓದಲು ಬಾರದ ಒಂದು ಪದ ಮತ್ತೆ ಮತ್ತೆ ಬರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ತಂದಿದ್ದರು. ಅಮ್ಮಾ, ಚೀಟಿಯಿಂದ ನಾನು ಏನೂ ಹೇಳಲಾರೆ. ನಮ್ಮ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, ಹಾಗಾಗಿ ಹಳೆಯ ಕಾಗದ ಕನ್ನಡದ್ದೇ ಇರಬೇಕು ಅಂತ ಇಲ್ಲ. ಮೋಡಿ ಎಂಬ ಹಳೆಯ ಲಿಪಿಯಲ್ಲಿ ಬರೆದ ಮರಾಠಿಯದ್ದಿರಬಹುದು. ಗೋವೆಯ ಕಡೆಯದಾದರೆ ಪೋರ್ಚುಗೀಸಿನದ್ದಿರಬಹುದು. ಕಟ್ಟನ್ನು ಹಾಗೇ ತನ್ನಿ. ದಾರ ಬಿಚ್ಚಿ ಹಾಳೆಗಳ ಕ್ರಮ ತಪ್ಪಿಸಬೇಡಿ, ಯಾವ ಹಾಳೆಯ ಜೊತೆ ಯಾವುದು ಇತ್ತು ಎಂಬುದೂ ಬೇಕು. ಹಿಂಬದಿಯ ಮೊಹರು, ಅಂಚಿನ ಲೆಕ್ಕ, ಯಾವುದನ್ನೂ ಒರೆಸಬೇಡಿ. ಆ ಕಾಗದ ಯಾರ ಕಾಲದ್ದು, ಜಮೀನಿನದ್ದೋ ವ್ಯಾಪಾರದ್ದೋ ಅಂತ ಮನೆಯ ಹಿರಿಯರಿಗೆ ನೆನಪಿದ್ದರೆ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಭಾನುವಾರ ಇದೇ ಜಾಗದಲ್ಲಿ ಬೆಳಿಗ್ಗೆಯಿಂದ ಇರುತ್ತೇನೆ. ಮೋಡಿ ಓದಬಲ್ಲ ಒಬ್ಬ ಗೆಳೆಯರೂ ಬರುತ್ತಾರೆ. ಬೇರೆಯವರ ಮನೆಯಲ್ಲೂ ಇಂಥ ಕಟ್ಟುಗಳಿದ್ದರೆ ತನ್ನಿ, ಕೂತು ಓದೋಣ.